ಮೇಸ್ತ್ರಿಯ ಬಾರ್ಲಿ ನೀರು

ಲಿಫ್ಟ್ ಮೇಸ್ತ್ರಿ ಪೇಪರನ್ನು ನಿಂತುಕೊಂಡೇ ಓದುವ ಮನುಷ್ಯ. ಬೆಳಗಿನ ಹೊತ್ತು ಕುರ್ಚಿಯಲ್ಲಿ ಕೂತು ಪೇಪರು ಬಿಚ್ಚುವವರು ಕೆಲಸಗಳ್ಳರು ಎಂಬುದು ಅವನ ಸಿದ್ಧಾಂತ. ಕಾಲಿಗೆ ಬೂಟು ಆಗಲೇ ಏರಿರುತ್ತಿತ್ತು, ಒಂದು ಕೈಯಲ್ಲಿ ಟೀ ಲೋಟ, ಇನ್ನೊಂದರಲ್ಲಿ ಮಡಿಸಿದ ಪೇಪರು. ಹಾಗೆ ಓದುವವನಿಗೆ ಮೊದಲ ಪುಟ ದಕ್ಕುತ್ತದೆ, ಒಳಪುಟ ದಕ್ಕುವುದಿಲ್ಲ. ಆಮೇಲೆ ಆ ಮನೆಯಲ್ಲಿ ನಡೆದದ್ದಕ್ಕೆಲ್ಲ ಅರ್ಧ ಕಾರಣ ಅದು.

ಇನ್ನರ್ಧ ಕಾರಣ ಅವನ ಹೆಂಡತಿ. ಅವಳು ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದಳು. ಆ ಬೀದಿಗೆಲ್ಲ ಟೈಲರಮ್ಮ. ಗಂಡ ಬಿಟ್ಟುಹೋದ ಪೇಪರು ಅವನು ಬೀದಿಯ ತಿರುವು ದಾಟುವಷ್ಟರಲ್ಲಿ ಅವಳ ಕತ್ತರಿಗೆ ಸಿಕ್ಕಿ ಯಾರದೋ ಕಾಲರು, ಯಾರದೋ ತೋಳಿನ ಅಳತೆಯಾಗಿ ಗೋಡೆಯ ಮೊಳೆಗೆ ನೇತುಬೀಳುತ್ತಿತ್ತು. ಉಳಿದದ್ದನ್ನು ಸಂಜೆ ಓದುತ್ತೇನೆ ಅಂದುಕೊಂಡು ಬಂದರೆ ಮನೆಯಲ್ಲಿ ಪೇಪರೇ ಇರುತ್ತಿರಲಿಲ್ಲ.

ಆ ದಿನ ಮೊದಲ ಪುಟದ ಕೆಳಗಡೆ ಚೌಕಟ್ಟು ಹಾಕಿ ದಪ್ಪಕ್ಷರದಲ್ಲಿ ಬಂದಿತ್ತು: ‘ಬಾರ್ಲಿ ನೀರಿಗೆ ಬಗ್ಗಿದ ಬಿಪಿ’. ಮೇಸ್ತ್ರಿ ಟೀ ಮುಗಿಸುವ ಮೊದಲೇ ಅಡುಗೆಮನೆ ಬಾಗಿಲಿಗೆ ಬಂದ.

“ನೋಡಿಲ್ಲಿ. ದಿನಾ ಬೆಳಗ್ಗೆ ಒಂದು ಲೋಟ ಬಾರ್ಲಿ ನೀರು ಕುಡಿದೋರಿಗೆ ಬಿಪಿ ಇಳಿದಿದೆಯಂತೆ. ಅಧ್ಯಯನ ಮಾಡಿ ಹೇಳಿದ್ದಾರೆ. ನಾಳೆಯಿಂದ ನಂಗೂ ಮಾಡ್ಕೊಡು.”

“ಮಾತ್ರೆ ಇದೆಯಲ್ಲ ರೀ,” ಅಂದಳು ಟೈಲರಮ್ಮ.

“ಮಾತ್ರೆ ಅನ್ನೋದು ವ್ಯಾಪಾರ. ಇದು ಧಾನ್ಯ.”

ಮೂಲೆಯ ಸ್ಟೂಲಿನ ಮೇಲೆ ಕೂತು ಬೀನ್ಸಿನ ನಾರು ತೆಗೆಯುತ್ತಿದ್ದ ಅಜ್ಜಿ, ಮೇಸ್ತ್ರಿಯ ತಾಯಿ, ತಲೆ ಎತ್ತಲಿಲ್ಲ. “ಧಾನ್ಯ ಏನು ಅಂಗಡಿಯೋನು ಧರ್ಮಕ್ಕೆ ಕೊಡ್ತಾನೇನೋ?” ಎಂದಳು.

“ಅಮ್ಮಾ, ನಿಂಗೆ ಇದೆಲ್ಲ ಗೊತ್ತಾಗಲ್ಲ.”

“ಹೌದಪ್ಪ. ನಿನ್ನ ಹೆತ್ತಿದ್ದು ಬಿಟ್ರೆ ನಂಗೆ ಬೇರೇನೂ ಗೊತ್ತಿಲ್ಲ.”

ಬಿಪಿ ಆ ಮನೆಯಲ್ಲಿ ಸಣ್ಣ ವಿಷಯವಾಗಿರಲಿಲ್ಲ. ಎತ್ತರದ ಕಟ್ಟಡಗಳಲ್ಲಿ ಲಿಫ್ಟಿನ ಪೆಟ್ಟಿಗೆಯ ನೆತ್ತಿ ಮೇಲೆ ನಿಂತು, ಕತ್ತಲ ಸುರಂಗದಲ್ಲಿ ಹಗ್ಗ, ಗಾಲಿ, ಬ್ರೇಕು ನೋಡುವ ಕೆಲಸ ಅವನದು. ಹೋದ ವರ್ಷ ಕಂಪನಿಯ ತಪಾಸಣೆಯಲ್ಲಿ ಒತ್ತಡ ಹೆಚ್ಚಿದೆ ಎಂದು ಗೊತ್ತಾಗಿ, ಕ್ಲಿನಿಕ್ಕಿನ ಡಾಕ್ಟರು ದಿನಕ್ಕೊಂದು ಮಾತ್ರೆ ಬರೆದುಕೊಟ್ಟಿದ್ದರು. ಒತ್ತಡ ಹತೋಟಿಗೆ ಬರದಿದ್ದರೆ ಮೇಲೆ ಹತ್ತುವ ಹಾಗಿಲ್ಲ, ಆಫೀಸಿನಲ್ಲಿ ಕೂತು ದೂರಿನ ಫೋನು ಎತ್ತಬೇಕು ಎಂದು ಕಂಪನಿ ಹೇಳಿತ್ತು. ಮೇಸ್ತ್ರಿಗೆ ಸುರಂಗದ ಆಳಕ್ಕಿಂತ ಆ ಕುರ್ಚಿಯ ಭಯವೇ ಜಾಸ್ತಿ. ಆದರೂ ಮಾತ್ರೆಯನ್ನು ನೆನಪಾದ ದಿನ ನುಂಗುತ್ತಿದ್ದ. ನೆನಪಾಗದ ದಿನಗಳಿಗೆ ಸೇರಿಸಿ ಎರಡು ನುಂಗಲು ಹೋಗಿ ಮಗಳಿಂದ ಬೈಸಿಕೊಂಡದ್ದೂ ಉಂಟು. ಮಗಳು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಬಿಳಿ ಕೋಟು ಹಾಕಿಕೊಂಡು ಗಿರಾಕಿಗಳ ಕಣ್ಣಿಗೆ ಗಾಜು ಹಿಡಿದು ನಂಬರು ಪತ್ತೆ ಹಚ್ಚುವ ಕೆಲಸ. ಕೋಟು ಹಾಕುವುದರಿಂದ ಮನೆಯಲ್ಲಿ ಅವಳಿಗೆ ಅರ್ಧ ಡಾಕ್ಟರ ಮರ್ಯಾದೆಯಿತ್ತು. ಆದರೆ ಅಪ್ಪನ ಮುಂದೆ ಅದು ನಡೆಯುತ್ತಿರಲಿಲ್ಲ.

ಅಂತೂ ಬಾರ್ಲಿ ಬಂತು. ಮೇಸ್ತ್ರಿ ಆ ಚೌಕಟ್ಟಿನ ಸುದ್ದಿಯನ್ನು ಕತ್ತರಿಸಿ ಬೀರುವಿನ ಬಾಗಿಲ ಒಳಗೆ ಅಂಟಿಸಿದ. ಟೈಲರಮ್ಮ ಬೆಳಗ್ಗೆ ಬೇಗ ಎದ್ದು, ಮೊದಲೇ ನೆನೆಸಿಟ್ಟ ಬಾರ್ಲಿಯನ್ನು ಕುದಿಸಿ, ಸೋಸಿ, ಉಪ್ಪು ಹಾಕದೆ ನಿಂಬೆ ಹಿಂಡಿ ಕೊಡುತ್ತಿದ್ದಳು. ಡಬ್ಬಿಗೆ ಹಾಕುವ ಅನ್ನ ಒಂದು ಒಲೆ ಮೇಲೆ, ಬಾರ್ಲಿ ಇನ್ನೊಂದರ ಮೇಲೆ. ಟೀಗೆ ಒಲೆಯೇ ಇಲ್ಲ. ಹೇಗೂ ಲೋಟ ಕೊಡಲು ನಿಂತಿರುತ್ತೇನೆ, ಮಾತ್ರೆಯನ್ನೂ ಜೊತೆಗೇ ಕೊಟ್ಟುಬಿಡೋಣ ಎಂದು ಅವಳು ಡಬ್ಬಿಯ ಸಣ್ಣ ಮುಚ್ಚಳದಲ್ಲಿ ಮಾತ್ರೆ ಇಟ್ಟು ಲೋಟದ ಪಕ್ಕಕ್ಕೆ ತಳ್ಳಲು ಶುರು ಮಾಡಿದಳು. ಮೇಸ್ತ್ರಿ ಮಾತ್ರೆ ಬಾಯಿಗೆ ಹಾಕಿ, ಬಾರ್ಲಿ ನೀರು ಗಟಗಟ ಕುಡಿದು, ಮುಖ ಹಿಂಡಿಕೊಂಡು ಹೊರಡುತ್ತಿದ್ದ.

“ಹೇಗಿದೆ?” ಅಂತ ಅಜ್ಜಿ ಕೇಳಿದರೆ, “ಔಷಧಿ ಹೇಗಿರಬೇಕೋ ಹಾಗಿದೆ,” ಅನ್ನುತ್ತಿದ್ದ.

ಕೆಲವು ವಾರ ಕಳೆದ ಮೇಲೆ ಒಂದು ಬೆಳಗ್ಗೆ ಟೈಲರಮ್ಮ ನೆನೆಸಿಟ್ಟ ಪಾತ್ರೆಯ ಮುಚ್ಚಳ ತೆಗೆದರೆ ನೀರಿನ ಮೇಲೆ ಹುಳ ತೇಲುತ್ತಿದ್ದವು. ಪೊಟ್ಟಣ ಬಿಚ್ಚಿ ನೋಡಿದರೆ ಅಲ್ಲಿಯೂ ಅವುಗಳದೇ ಸಂಸಾರ. ಮೇಸ್ತ್ರಿ ಆಗಲೇ ಬೂಟಿನ ದಾರ ಕಟ್ಟುತ್ತಿದ್ದ. ಅಂಗಡಿ ತೆರೆದಿರಲಿಲ್ಲ.

“ಇವತ್ತು ಇಲ್ಲ ಅಂದ್ರೆ ಇವರು ರಂಪ ಮಾಡ್ತಾರೆ, ಅತ್ತೆ,” ಎಂದು ಅವಳು ಮೆಲ್ಲಗೆ ಹೇಳಿದಳು.

ಅಜ್ಜಿ ಗದ್ದ ಎತ್ತಿ ಒಲೆಯ ಪಕ್ಕ ತೋರಿಸಿದಳು. ಆಗಷ್ಟೇ ಅನ್ನ ಬಸಿದ ಗಂಜಿ ಪಾತ್ರೆಯಲ್ಲಿ ಹಬೆಯಾಡುತ್ತಿತ್ತು. “ಅದಕ್ಕೇ ನಿಂಬೆ ಹಿಂಡಿ ಕೊಡು. ಬೆಳ್ಳಗಿರೋದೆಲ್ಲ ಅವನಿಗೆ ಬಾರ್ಲಿ.”

ಟೈಲರಮ್ಮ ಕೊಟ್ಟಳು. ಕೊಟ್ಟು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವಳ ಹಾಗೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಳು. ಮೇಸ್ತ್ರಿ ಕುಡಿದು ಲೋಟ ಕೆಳಗಿಟ್ಟು ತುಟಿ ಚಪ್ಪರಿಸಿದ.

“ಇವತ್ತು ಹದ ಬಂದಿದೆ ನೋಡು. ಇಷ್ಟು ದಿನ ಒಂಥರಾ ಮಣ್ಣಿನ ವಾಸನೆ ಇರ್ತಿತ್ತು. ಇನ್ಮೇಲೆ ಹೀಗೇ ಮಾಡು.”

ಹೀಗೇ ಮಾಡು ಎಂದ ಮೇಲೆ ಏನು ಮಾಡುವುದು. ಒಂದು ದಿನದ ಸುಳ್ಳು ಎರಡನೇ ಬೆಳಗನ್ನು ಕಂಡರೆ ಅದು ಮನೆಯ ಪದ್ಧತಿಯೇ ಆಗಿಬಿಡುತ್ತದೆ. ಟೈಲರಮ್ಮ ಒಂದೆರಡು ಸಲ ಹೇಳಲು ಬಾಯಿ ತೆರೆದಳು. ಆದರೆ ಅವನು ಮೊದಲಿನ ಹಾಗೆ ಮುಖ ಹಿಂಡದೆ ಕುಡಿಯುತ್ತಿದ್ದ, ಮಾತ್ರೆ ಒಂದು ದಿನವೂ ತಪ್ಪುತ್ತಿರಲಿಲ್ಲ, ಒಲೆಯೊಂದು ಖಾಲಿಯಾಗಿ ಅವಳಿಗೂ ಬಿಸಿಬಿಸಿ ಟೀ ಸಿಗುತ್ತಿತ್ತು. ಬೇರೆ ಯಾರಿಗೂ ತೊಂದರೆಯಿಲ್ಲದ ಸುಳ್ಳು ಎಂದು ಅತ್ತೆ ಸೊಸೆ ಇಬ್ಬರೂ ಸುಮ್ಮನಾದರು. ಮಗಳಿಗೂ ಹೇಳಲಿಲ್ಲ. ಅವಳ ಬಾಯಲ್ಲಿ ಮಾತು ನಿಲ್ಲುವುದಿಲ್ಲ ಎಂದು ಅಜ್ಜಿಗೆ ಗೊತ್ತಿತ್ತು.

ಕಂಪನಿಯ ತಪಾಸಣೆ ಬಂತು. ಆ ಸಂಜೆ ಮೇಸ್ತ್ರಿ ಕೈಯಲ್ಲಿ ಮೀನಿನ ಪೊಟ್ಟಣ ಹಿಡಿದು, ಮೆಟ್ಟಿಲಿನಿಂದಲೇ ಮಗಳನ್ನು ಕೂಗುತ್ತ ಬಂದ.

“ಇಳಿದಿದೆ. ನರ್ಸಮ್ಮ ನಂಬದೆ ಎರಡನೇ ಸಲ ತೋಳಿಗೆ ಪಟ್ಟಿ ಸುತ್ತಿದ್ಲು. ಏನು ಮಾಡಿದ್ರಿ ಮೇಸ್ತ್ರಿ ಅಂದ್ಲು. ಬಾರ್ಲಿ ಅಂದೆ.”

ಎಲ್ಲರಿಗೂ ಸಂತೋಷವೇ. ಟೈಲರಮ್ಮ ಮೀನು ಹುರಿದಳು, ಅಜ್ಜಿ ಮುಳ್ಳು ಬಿಡಿಸಿ ತಿಂದಳು. ಮೇಸ್ತ್ರಿ ಎರಡನೇ ಸಲ ಅನ್ನ ಹಾಕಿಸಿಕೊಳ್ಳುತ್ತ ಹೇಳಿದ: “ಇನ್ನು ಮಾತ್ರೆ ಬಿಟ್ಟುಬಿಡ್ತೀನಿ. ಈಗಿರೋ ಪಟ್ಟಿ ಮುಗೀಲಿ, ಹೊಸದು ತರಲ್ಲ.”

ಟೈಲರಮ್ಮನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು.

“ಡಾಕ್ಟರ್ನ ಕೇಳಿದ್ರಾ?” ಅಂದಳು ಮಗಳು.

“ಡಾಕ್ಟರು ಬಿಡು ಅಂತಾನಾ? ಅಂಗಡಿಯೋನು ಸಾಮಾನು ಬೇಡ ಅಂತಾನಾ? ನನ್ನ ಮೈ ನಂಗೆ ಗೊತ್ತು. ಆ ಮಾತ್ರೆ ನುಂಗಿದ್ರೆ ಮೇಲೆ ನಿಂತಾಗ ಒಂಥರಾ ತಲೆ ಹಗುರ ಆಗುತ್ತೆ. ಲಿಫ್ಟಿನ ನೆತ್ತಿ ಮೇಲೆ ನಿಲ್ಲೋನಿಗೆ ತಲೆ ಹಗುರ ಆಗಬಾರದು.”

“ಅದನ್ನೇ ಡಾಕ್ಟರಿಗೆ ಹೇಳಿದ್ರೆ ಮಾತ್ರೆ ಬದಲಾಯಿಸ್ತಾರೆ.”

“ಬಾರ್ಲಿ ಇದ್ದ ಮೇಲೆ ಬದಲಾಯಿಸೋದ್ಯಾಕೆ?”

ಟೈಲರಮ್ಮ ಅತ್ತೆಯ ಮುಖ ನೋಡಿದಳು. ಅತ್ತೆ ತಟ್ಟೆಯೊಳಗಿನ ಮೀನಿನ ತಲೆ ನೋಡಿದಳು.

ಮುಂದಿನ ದಿನಗಳಲ್ಲಿ ಮೇಸ್ತ್ರಿ ಎಲ್ಲೆಲ್ಲಿ ಲಿಫ್ಟು ರಿಪೇರಿಗೆ ಹೋದನೋ ಅಲ್ಲೆಲ್ಲ ಬಾರ್ಲಿಯ ಪ್ರಚಾರವಾಯಿತು. ಅದರಲ್ಲೂ ಒಂದು ಆಫೀಸು ಕಟ್ಟಡದ ಕಾವಲುಗಾರ ಅವನ ಹಳೆಯ ಸ್ನೇಹಿತ. ಮೂಗಿನ ಕೆಳಗೆ ಪೊರಕೆ ಕಟ್ಟಿದ ಹಾಗಿದ್ದುದರಿಂದ ಎಲ್ಲರೂ ಅವನನ್ನು ಮೀಸೆ ಅನ್ನುತ್ತಿದ್ದರು. ಮೀಸೆಗೂ ಬಿಪಿ. “ಅವನೂ ಪೊಟ್ಟಣ ತಗೊಂಡಿದ್ದಾನೆ,” ಎಂದು ಮೇಸ್ತ್ರಿ ಊಟದ ಹೊತ್ತಿಗೆ ವರದಿ ಒಪ್ಪಿಸಿದ. “ನಾನು ಮಾತ್ರೆ ಬಿಡ್ತಾ ಇದ್ದೀನಿ ಅಂತ ಹೇಳ್ದೆ. ಕಣ್ಣು ಇಷ್ಟಗಲ ಮಾಡ್ದ.”

ಭಾನುವಾರ ಮಧ್ಯಾಹ್ನದ ಹೊತ್ತಿಗೆ ಪಟ್ಟಿಯಲ್ಲಿ ಒಂದೇ ಮಾತ್ರೆ ಉಳಿದಿತ್ತು. ಊಟಕ್ಕೆ ಕೂತಾಗ ಮಗಳು ಬೀರುವಿನ ಬಾಗಿಲು ತೆರೆದು ಆ ಚೌಕಟ್ಟಿನ ಮುಂದೆ ನಿಂತಿದ್ದಳು.

“ಅಪ್ಪಾ, ಇದನ್ನ ಪೂರ್ತಿ ಓದಿದ್ದೀರಾ?”

“ದಿನಾ ಅಂಗಿ ತೆಗೆಯುವಾಗ ಓದ್ತೀನಿ.”

“ಕೆಳಗೆ ಸಣ್ಣಕ್ಷರದಲ್ಲಿ ‘ಉಳಿದದ್ದು ಏಳನೇ ಪುಟಕ್ಕೆ’ ಅಂತ ಇದೆ. ಏಳನೇ ಪುಟ ಎಲ್ಲಿ?”

ಎಲ್ಲರೂ ಗೋಡೆಯ ಮೊಳೆ ನೋಡಿದರು. ಮಗಳು ಅಳತೆ ಕಾಗದಗಳನ್ನೆಲ್ಲ ಇಳಿಸಿ ಮಗುಚಿ ಹಾಕತೊಡಗಿದಳು. “ಅದನ್ನೆಲ್ಲ ಕಲೆಸಬೇಡ್ವೇ, ಎದುರು ಮನೆಯೋರ ಮದುವೆ ಬಟ್ಟೆ ಅದರಲ್ಲಿದೆ,” ಎಂದು ಟೈಲರಮ್ಮ ಹೇಳುತ್ತಲೇ ಇದ್ದಳು. ಕೊನೆಗೆ ಏಳನೇ ಪುಟದಿಂದ ಕತ್ತರಿಸಿದ ಒಂದು ತೋಳು ಸಿಕ್ಕಿತು. ಮಗಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದಳು.

“‘ಭಾಗವಹಿಸಿದ ಎಲ್ಲರಿಗೂ ಉಪ್ಪು ಕಡಿಮೆ ಮಾಡಲು ಮತ್ತು ದಿನವೂ ನಡೆಯಲು ತಿಳಿಸಲಾಗಿತ್ತು. ಯಾರೂ ತಮ್ಮ ಮಾತ್ರೆಗಳನ್ನು ನಿಲ್ಲಿಸಿರಲಿಲ್ಲ. ಬಾರ್ಲಿ ಕುಡಿಯದ ಇನ್ನೊಂದು ಗುಂಪಿನೊಂದಿಗೆ ಹೋಲಿಸದೆ, ಈ ಇಳಿಕೆಗೆ ಬಾರ್ಲಿಯೇ ಕಾರಣ ಎಂದು...’”

“ಎಂದು?” ಅಂದ ಮೇಸ್ತ್ರಿ.

“ಅಷ್ಟೇ. ಆಮೇಲೆ ಕಂಕುಳು.”

ಅಜ್ಜಿ ಕೆಮ್ಮಿದಳು. ಅದು ಕೆಮ್ಮಲ್ಲ ಎಂದು ಎಲ್ಲರಿಗೂ ಗೊತ್ತಾಯಿತು.

“ತೋಳು ಓದಿ ತೀರ್ಮಾನ ಮಾಡೋನು ನಾನಲ್ಲ,” ಎಂದ ಮೇಸ್ತ್ರಿ. “ನನ್ನ ಮೈಯೇ ಸಾಕ್ಷಿ. ಕುಡಿದೆ, ಇಳೀತು. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?”

“ಕೆಲಸಕ್ಕೆ ಹೊಸಬರು ಬಂದ್ರೆ ನೀವೇ ಬೈತೀರಲ್ಲಪ್ಪ. ಒಂದೇ ಸಲ ಎರಡು ಪಾರ್ಟು ಬದಲಾಯಿಸಿದ್ರೆ ಲಿಫ್ಟು ಯಾವುದರಿಂದ ಸರಿಹೋಯ್ತು ಅಂತ ನಿಮ್ಮಪ್ಪ ಹೇಳ್ತಾನಾ ಅಂತ.”

“ನಾನು ಬದಲಾಯಿಸಿದ್ದು ಒಂದೇ. ಬಾರ್ಲಿ.”

“ಮಾತ್ರೆ ದಿನಾ ತಪ್ಪದೆ ನುಂಗೋಕೆ ಶುರು ಮಾಡಿದ್ದೂ ಆಗಲೇ ಅಲ್ವೇನೋ?” ಅಂದಳು ಅಜ್ಜಿ. “ಮುಂಚೆ ಪಟ್ಟಿ ಕಿಟಕಿ ಮೇಲೆ ಧೂಳು ಹಿಡಿದು ಬಿದ್ದಿರ್ತಿತ್ತು. ಈಗ ಇವಳು ಲೋಟದ ಪಕ್ಕ ಇಡ್ತಾಳೆ, ನೀನು ನುಂಗ್ತೀಯ. ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು ಅಂದ ಹಾಗಾಯ್ತು ನಿನ್ನ ಕಥೆ.”

ಮೇಸ್ತ್ರಿ ಹಿಡಿದ ಮೊಲಕ್ಕೆ ಮೂರೇ ಕಾಲು. ಅವನು ಪಟ್ಟಿಯ ಕೊನೆಯ ಮಾತ್ರೆಯನ್ನು ಬೆರಳಿನಿಂದ ಒತ್ತಿ ತೆಗೆದು, ಎಲ್ಲರಿಗೂ ಕಾಣುವ ಹಾಗೆ ಹಿಡಿದು, “ಇದೂ ಬೇಡ, ನಾಳೆಯಿಂದ ಬಾರ್ಲಿ ಒಂದೇ,” ಎಂದು ಎದ್ದ. ಕಸದ ಬುಟ್ಟಿ ಇದ್ದದ್ದು ಅಡುಗೆಮನೆಯಲ್ಲಿ, ಟೈಲರಮ್ಮನ ಪಕ್ಕದಲ್ಲಿ. ಅವಳಿಗೆ ಗಂಡ ಸುರಂಗದೊಳಗೆ, ಪೆಟ್ಟಿಗೆಯ ನೆತ್ತಿ ಮೇಲೆ, ತಲೆ ಹಿಡಿದುಕೊಂಡು ಕುಸಿಯುವುದು ಕಣ್ಣೆದುರು ಬಂತು. ಅವಳು ಬುಟ್ಟಿಗೆ ಅಡ್ಡ ನಿಂತಳು.

“ನೀವು ಕುಡೀತಿರೋದು ಬಾರ್ಲಿ ಅಲ್ಲ ರೀ.”

“ಏನು?”

“ಬಾರ್ಲಿಗೆ ಹುಳ ಬಿತ್ತು. ಅವತ್ತಿಂದ ಅನ್ನ ಬಸಿದ ಗಂಜಿ ಕೊಡ್ತಾ ಇದ್ದೀನಿ.”

ಮೇಸ್ತ್ರಿ ಮೊದಲು ನಕ್ಕ. ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡ. ಆಮೇಲೆ ಹೆಂಡತಿಯ ಮುಖ ನೋಡಿದ, ತಾಯಿಯ ಮುಖ ನೋಡಿದ, ನಗು ನಿಂತಿತು. ಕೊನೆಗೆ ಅವನು ಹೇಳಿದ ಮಾತು ಕೇಳಿ ಮಗಳು ಹಣೆ ಚಚ್ಚಿಕೊಂಡಳು.

“ಹಾಗಾದ್ರೆ ಗುಣ ಇರೋದು ಗಂಜೀಲಿ.”

“ಅಪ್ಪಾ.”

“ಮತ್ತೆ ಇಳಿದಿದ್ದು ಹೇಗೆ?”

“ಗಂಜೀಲಿ ಗುಣ ಇದ್ದಿದ್ರೆ ನಿಮ್ಮಪ್ಪ ಇನ್ನೂ ಇರ್ತಿದ್ರು,” ಎಂದಳು ಅಜ್ಜಿ. “ಬದುಕಿದ್ದಷ್ಟು ದಿನ ಅದನ್ನೇ ಕುಡಿದ್ರು. ನಿನ್ನ ವಯಸ್ಸಿಗೆ ಹೋದ್ರು. ಅವರಿಗೆ ಮಾತ್ರೆ ಕೊಡೋರು ಯಾರೂ ಇರ್ಲಿಲ್ಲ.”

ಅಜ್ಜಿ ಗಂಡನ ಮಾತೆತ್ತುವುದು ಅಪರೂಪ. ಮೇಸ್ತ್ರಿ ಮಾತ್ರೆಯನ್ನು ಮೇಜಿನ ಮೇಲಿಟ್ಟ. ಕೂಗಾಡಲಿಲ್ಲ. ಕೂಗಾಡಿದ್ದರೇ ವಾಸಿಯಿತ್ತು.

“ನಾನು ಹೋದಲ್ಲೆಲ್ಲ ಹೇಳ್ಕೊಂಡು ಬಂದೆ,” ಎಂದ. “ಮನೇಲಿ ನೀವು ಮೂವರೂ ಕೂತು ನಗ್ತಿದ್ರಿ.”

“ನಂಗೂ ಗೊತ್ತಿರ್ಲಿಲ್ಲಪ್ಪ,” ಅಂದಳು ಮಗಳು.

ಅವನು ತಟ್ಟೆಯಲ್ಲಿ ಉಳಿದಿದ್ದ ಅನ್ನವನ್ನು ಹಾಗೇ ಬಿಟ್ಟು, ಕೈ ತೊಳೆದು, ಬೂಟು ಹಾಕಿಕೊಂಡು ಹೊರಗೆ ಹೋದ. ಭಾನುವಾರ ಅವನು ಬೂಟು ಹಾಕುತ್ತಿರಲಿಲ್ಲ.

ಅಲ್ಲಿಂದ ಮನೆಯಲ್ಲಿ ಮಾತು ಕಡಿಮೆಯಾಯಿತು. ಮೇಸ್ತ್ರಿ ತಾನೇ ಹೊಸ ಪೊಟ್ಟಣ ತಂದು, ತಾನೇ ಬೆಳಗ್ಗೆ ಬಾರ್ಲಿ ಕುದಿಸತೊಡಗಿದ. ಕೇಬಲ್ಲಿನ ಎಳೆ ಬಿಡಿಸಬಲ್ಲ ಕೈಗೆ ಒಂದು ಪಾತ್ರೆ ಸಂಭಾಳಿಸಲು ಬರುತ್ತಿರಲಿಲ್ಲ. ತಳ ಹಿಡಿಯಿತು, ಉಕ್ಕಿ ಒಲೆ ಆರಿತು, ಸೋಸುವ ಬಟ್ಟೆ ಎಂದು ಗಿರಾಕಿಯೊಬ್ಬಳ ಅಸ್ತರಿನ ತುಂಡನ್ನೇ ಎತ್ತಿಕೊಂಡ. ಕಪ್ಪು ಚೂರು ತೇಲುವ ಆ ನೀರನ್ನು ನಿಂತುಕೊಂಡೇ ಕುಡಿದು ಹೊರಡುತ್ತಿದ್ದ. ಟೈಲರಮ್ಮ ಹೊಸ ಪಟ್ಟಿ ತರಿಸಿ, ಎಂದಿನಂತೆ ಮುಚ್ಚಳದಲ್ಲಿ ಮಾತ್ರೆ ಇಡುತ್ತಿದ್ದಳು. ಅದು ಸಂಜೆಯವರೆಗೂ ಅಲ್ಲೇ ಇರುತ್ತಿತ್ತು. ಅವಳು ತೆಗೆದಿಟ್ಟು, ಪಾತ್ರೆಯ ತಳ ಕೆರೆದು, ಮರುದಿನ ಮತ್ತೆ ಇಡುತ್ತಿದ್ದಳು.

“ನೀನು ಮೊದಲೇ ಹೇಳ್ಬೇಕಿತ್ತಮ್ಮ,” ಎಂದಳು ಮಗಳು, ಒಗೆದ ಬಟ್ಟೆ ಮಡಿಸುತ್ತ.

“ಹೇಳ್ಬೇಕಿತ್ತು. ಖುಷಿಯಾಗಿ ಕುಡೀತಿದ್ರು, ಮಾತ್ರೇನೂ ನುಂಗ್ತಿದ್ರು. ಅಷ್ಟು ಸಾಕು ಅನ್ನಿಸ್ತು. ಈಗ ಎರಡೂ ಹೋಯ್ತು.” ಟೈಲರಮ್ಮನಿಗೆ ಅಳು ಬಂತು. ಅಳುತ್ತಲೇ ಅಂಗಿಗಳ ಕಾಲರು ಸರಿಮಾಡಿ ಒಂದರ ಮೇಲೊಂದು ಇಟ್ಟಳು.

ಮಗಳು ಅಪ್ಪನನ್ನು ಹಿಡಿದದ್ದು ಸಂಜೆ, ಅವನು ಮೆಟ್ಟಿಲ ಮೇಲೆ ಕೂತು ಬೂಟಿಗೆ ಪಾಲಿಶು ಹಚ್ಚುವಾಗ.

“ನಮ್ಮ ಅಂಗಡೀಲಿ ಒಂದು ಕೆಲಸ ಮಾಡ್ತೀವಪ್ಪ. ಗಿರಾಕಿ ಕಣ್ಣಿಗೆ ಒಂದು ಗಾಜು ಹಾಕಿ ಓದಿಸ್ತೀವಿ. ಆಮೇಲೆ ಬದಲಾಯಿಸಿದ ಹಾಗೆ ಮಾಡಿ ಅದೇ ಗಾಜನ್ನ ಮತ್ತೆ ಹಾಕಿ, ಈಗ ಹೇಗಿದೆ ಅಂತ ಕೇಳ್ತೀವಿ. ಎಷ್ಟೋ ಜನ ಈಗ ಚೆನ್ನಾಗಿ ಕಾಣ್ತಿದೆ ಅಂತಾರೆ.”

“ಅಂದ್ರೆ ನಾನು ದಡ್ಡ ಅಂತ.”

“ಅವರಲ್ಲಿ ಮೇಷ್ಟ್ರುಗಳು ಇರ್ತಾರೆ, ವಕೀಲರು ಇರ್ತಾರೆ. ಸುಳ್ಳು ಹೇಳಲ್ಲ ಅವರು. ನಿಜವಾಗ್ಲೂ ಹಾಗೇ ಕಾಣುತ್ತೆ ಅವರಿಗೆ.”

ಮೇಸ್ತ್ರಿ ಬ್ರಷ್ಷು ಉಜ್ಜುತ್ತಲೇ ಇದ್ದ. “ಆಮೇಲೆ ಏನು ಮಾಡ್ತೀಯ?”

“ಅವರ ಮಾತೊಂದನ್ನೇ ನಂಬ್ಕೊಂಡು ನಂಬರು ಬರೆಯಲ್ಲ. ಇನ್ನೊಂದು ಸಲ ನೋಡ್ತೀನಿ.”

ಬೂಟು ಆಗಲೇ ಹೊಳೆಯುತ್ತಿತ್ತು. ಆದರೂ ಮೇಸ್ತ್ರಿ ಇನ್ನೊಮ್ಮೆ ಉಜ್ಜಿದ. ಮರುದಿನವೂ ಮಾತ್ರೆ ಮುಚ್ಚಳದಲ್ಲೇ ಉಳಿಯಿತು.

ಆ ವಾರ ಆಫೀಸು ಕಟ್ಟಡದ ಲಿಫ್ಟಿನ ಸರದಿ. ಮೇಸ್ತ್ರಿ ಸಾಮಾನಿನ ಚೀಲ ಹೊತ್ತು ಒಳಗೆ ಬಂದಾಗ ಮೀಸೆ ತನ್ನ ಮೇಜಿನ ಮೇಲೆ ಮೊಣಕೈ ಊರಿ, ಕತ್ತಿನ ಹಿಂದೆ ಎರಡೂ ಕೈ ಹಿಡಿದು ಕೂತಿದ್ದ. ಲಿಫ್ಟಿಗೆ ಕಾಯುತ್ತ ನಾಲ್ಕಾರು ಗುಮಾಸ್ತರು ನಿಂತಿದ್ದರು, ಟೀ ಮಾರುವವಳು ಕೆಟಲು ಕೆಳಗಿಟ್ಟು ಬೆನ್ನು ನೇರ ಮಾಡಿಕೊಳ್ಳುತ್ತಿದ್ದಳು.

“ಏನಯ್ಯಾ, ಯಾಕೆ ಹೀಗೆ?”

“ಬೆಳಗ್ಗೆಯಿಂದ ತಲೆ ಸಿಡೀತಿದೆ ಮೇಸ್ತ್ರಿ. ಮೈಯೊಳಗಿನ ಹಳೇ ಮಾತ್ರೆ ವಿಷ ಎಲ್ಲ ಹೊರಗೆ ಬರ್ತಿದೆ ಅಂತ ಕಾಣುತ್ತೆ.”

“ಮಾತ್ರೆ ಬಿಟ್ಯಾ?”

“ನೀವು ಹೇಳಿದ ದಿನವೇ ಬಿಟ್ಟೆ.”

“ನಾನು ಬಿಡು ಅಂದ್ನಾ?”

“ನೀವು ಬಿಡ್ತೀನಿ ಅಂದ್ರಿ. ಅಷ್ಟು ಎತ್ತರದಲ್ಲಿ ನಿಲ್ಲೋ ನೀವೇ ಬಿಟ್ಟ ಮೇಲೆ, ಕುರ್ಚೀಲಿ ಕೂರೋ ನಂಗ್ಯಾಕೆ ಅಂತ.” ಮೀಸೆ ಸೊಟ್ಟಗೆ ನಕ್ಕ. “ಎರಡು ಲೋಟ ಕುಡೀತೀನಿ ನಾನು. ನಿಮಗಿಂತ ಒಂದು ಜಾಸ್ತಿ.”

ಮೇಸ್ತ್ರಿ ಚೀಲ ಇಳಿಸಿದ. ಒಳಗಿದ್ದ ಸ್ಪ್ಯಾನರುಗಳು ನೆಲಕ್ಕೆ ತಾಗಿ ಸದ್ದಾಯಿತು. ಸುತ್ತ ನಿಂತವರು ತಿರುಗಿ ನೋಡಿದರು. ಅವರಲ್ಲಿ ಇಬ್ಬರಿಗೆ ಅವನು ಬಾರ್ಲಿಯ ಉಪದೇಶ ಮಾಡಿದ್ದ.

“ನಾನು ಕುಡಿದಿದ್ದು ಬಾರ್ಲಿ ಅಲ್ಲ,” ಎಂದ. “ಹೆಂಡ್ತಿ ಅನ್ನ ಬಸಿದ ಗಂಜಿ ಕೊಡ್ತಿದ್ಲು. ನಂಗೆ ಗೊತ್ತಾಗ್ಲಿಲ್ಲ. ಬಾರ್ಲಿ ಅಂದ್ಕೊಂಡೇ ಕುಡಿದೆ. ಜೊತೆಗೆ ದಿನಾ ಮಾತ್ರೆ ನುಂಗ್ತಿದ್ದೆ. ಇಳಿದಿದ್ದು ಮಾತ್ರೆಯಿಂದ.”

ಟೀಯವಳು ನಕ್ಕಳು, ಗುಮಾಸ್ತರು ನಕ್ಕರು. ಅವರಲ್ಲೊಬ್ಬ “ಗಂಜಿ ಮೇಸ್ತ್ರಿ” ಎಂದ. ಆ ಹೆಸರು ಇನ್ನು ಆ ಕಟ್ಟಡದಲ್ಲಿ ಎಲ್ಲ ಮಹಡಿಗೂ ಏರುತ್ತದೆ ಎಂದು ಮೇಸ್ತ್ರಿಗೆ ಗೊತ್ತಾಯಿತು. ಮೀಸೆ ಮಾತ್ರ ನಗಲಿಲ್ಲ. ಅವನ ಮುಖ ಕೆಂಪಾಗಿ, ಕಣ್ಣು ಎಲ್ಲೋ ನೆಟ್ಟಿತ್ತು. ಮೇಸ್ತ್ರಿ ಅವನ ರಟ್ಟೆ ಹಿಡಿದು ಎಬ್ಬಿಸಿದ.

“ನಡಿ ಕ್ಲಿನಿಕ್ಕಿಗೆ.”

“ಇಲ್ಲಿ ಯಾರು ಕಾಯ್ತಾರೆ?”

“ಈ ನಗ್ತಿರೋರು ಕಾಯ್ಲಿ.”

ಅಂದು ಸಂಜೆ ಮೇಸ್ತ್ರಿ ಎಂದಿಗಿಂತ ತಡವಾಗಿ ಬಂದ. ಬೂಟು ಕಳಚಿ, ಕೈಕಾಲು ತೊಳೆದು ಊಟಕ್ಕೆ ಕೂತ. ಬೇಯಿಸಿದ ಆಲೂಗಡ್ಡೆ, ಮೊಟ್ಟೆ, ಬ್ರೆಡ್ಡು. ಟೈಲರಮ್ಮ ಬಡಿಸಿ ಪಕ್ಕಕ್ಕೆ ನಿಂತಳು. ಅವನು ಮೊಟ್ಟೆಯ ಸಿಪ್ಪೆ ಸುಲಿಯುತ್ತ, ಯಾರನ್ನೂ ನೋಡದೆ ಮಾತು ತೆಗೆದ.

“ಮೀಸೆ ಮಾತ್ರೆ ಬಿಟ್ಟಿದ್ದ. ನನ್ನ ಮಾತು ಕೇಳಿ. ಬಿಪಿ ನೋಡಿ ಡಾಕ್ಟರು ಅವನ್ನ ಎದ್ದೇಳೋಕೇ ಬಿಡ್ಲಿಲ್ಲ. ಮಗನ್ನ ಕರೆಸಿ ಆಸ್ಪತ್ರೆಗೆ ಸೇರಿಸಿದ್ರು. ಸಮಯಕ್ಕೆ ಕರ್ಕೊಂಡು ಬಂದ್ರಿ ಅಂದ್ರು ನಂಗೆ. ನಂಗೆ ಅಂದ್ರು.”

“ಈಗ ಹೇಗಿದ್ದಾರೆ?” ಮಗಳು ಕೇಳಿದಳು.

“ಮಾತಾಡ್ತಾನೆ. ಒಂದೆರಡು ದಿನ ಅಲ್ಲೇ ಇರ್ಬೇಕಂತೆ. ನಂದೂ ನೋಡಿದ್ರು. ಏರಿದೆ. ತಲೆ ಹಗುರ ಆಗೋದು ಹೇಳ್ದೆ. ಬೇರೆ ಮಾತ್ರೆ ಬರೆದಿದ್ದಾರೆ.”

“ಕೋತಿ ತಾನು ಕೆಡೋದಲ್ದೆ...” ಎಂದು ಅಜ್ಜಿ ಶುರು ಮಾಡಿದಳು. ಮಗನ ಮುಖ ನೋಡಿ, ಗಾದೆಯನ್ನು ಅರ್ಧಕ್ಕೇ ನುಂಗಿ, ತನ್ನ ತಟ್ಟೆಯಲ್ಲಿದ್ದ ಆಲೂಗಡ್ಡೆಯನ್ನು ಅವನ ತಟ್ಟೆಗೆ ಹಾಕಿದಳು.

“ಇವಳು ಸುಳ್ಳು ಕುಡಿಸಿದ್ಲು, ನಂಗೆ ಇಳೀತು,” ಎಂದ ಮೇಸ್ತ್ರಿ. “ನಾನು ನಿಜ ಅಂತಾನೇ ಹೇಳ್ದೆ, ಅವನಿಗೆ ಏರ್ತು. ಅಲ್ಲಿ ಬೆಂಚಿನ ಮೇಲೆ ಕೂತು ಅದೇ ಯೋಚ್ನೆ ಮಾಡ್ತಿದ್ದೆ.”

“ಇಳಿಸಿದ್ದು ನನ್ನ ಸುಳ್ಳಲ್ಲ ರೀ, ಮಾತ್ರೆ,” ಎಂದಳು ಟೈಲರಮ್ಮ.

“ಗೊತ್ತು. ಅದನ್ನೂ ಹೇಳಿ ಬಂದೆ. ಎಲ್ಲರ ಮುಂದೆ.”

“ಏನಂತ?”

“ಹೆಂಡ್ತಿ ಗಂಜಿ ಕೊಟ್ಲು, ನಂಗೆ ಗೊತ್ತಾಗ್ಲಿಲ್ಲ ಅಂತ.”

ಟೈಲರಮ್ಮ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟಳು. ಹೆಂಡತಿ ಕೈಲಿ ಮೋಸಹೋದೆ ಎಂದು ನಾಲ್ಕು ಜನರ ಮುಂದೆ ಹೇಳುವ ಗಂಡಸಲ್ಲ ಅವನು. ಮದುವೆಯಾದಾಗಿನಿಂದ ನೋಡಿದ್ದಾಳೆ, ದಾರಿ ತಪ್ಪಿದರೂ ಯಾರನ್ನೂ ಕೇಳದೆ ಊರೆಲ್ಲ ಸುತ್ತುವವನು. ಅವಳಿಗೆ ಅವನ ಮೇಲೆ ಕನಿಕರವಾಯಿತು, ಅದಕ್ಕಿಂತ ಹೆಚ್ಚಾಗಿ ಹೆಮ್ಮೆಯಾಯಿತು.

“ನಕ್ಕರಾ?” ಎಂದಳು.

“ನಕ್ಕರು. ಗಂಜಿ ಮೇಸ್ತ್ರಿ ಅಂತ ಹೆಸರಿಟ್ರು.”

ಮಗಳು ತಲೆ ತಗ್ಗಿಸಿ ತುಟಿ ಕಚ್ಚಿ ಹಿಡಿದಳು. ಅಜ್ಜಿ ಮತ್ತೆ ಕೆಮ್ಮಿದಳು. ಮೇಸ್ತ್ರಿ ಅವರಿಬ್ಬರನ್ನೂ ನೋಡಿದ, ಅವನಿಗೂ ನಗು ಬಂತು, ಮೊಟ್ಟೆ ಗಂಟಲಿಗೆ ಸಿಕ್ಕಿ ನೀರು ಕುಡಿದ. ಜೇಬಿನಿಂದ ಹೊಸ ಮಾತ್ರೆಯ ಪಟ್ಟಿ ತೆಗೆದು ಮೇಜಿನ ಮೇಲಿಟ್ಟು ಹೆಂಡತಿಯ ಕಡೆ ಸರಿಸಿದ.

ಟೈಲರಮ್ಮ ಅದನ್ನು ಎತ್ತಿಕೊಂಡಳು. “ನಾಳೆ ಬೆಳಗ್ಗೆ ಜೊತೆಗೆ ಏನು ಕೊಡ್ಲಿ? ಬಾರ್ಲಿ ಕುದಿಸ್ಲಾ, ಬರೀ ನೀರಾ?”

“ಗಂಜೀನೇ ಕೊಡು, ಚೆನ್ನಾಗಿತ್ತು,” ಎಂದ ಮೇಸ್ತ್ರಿ. “ಆದ್ರೆ ಗಂಜಿ ಅಂತ ಹೇಳಿ ಕೊಡು.”